ಕತೆಯನ್ನು ಯಾರ ಬಾಯಿಂದ ಹೇಳಿಸೋದು?

2025ರ ಮೇ 20ರಂದು ಲಂಡನ್‌ನಲ್ಲಿ ಇಂಟರ್‌ನ್ಯಾಷನಲ್ ಬುಕರ್ ಪ್ರಶಸ್ತಿ ಘೋಷಣೆಯಾಯಿತು. ಹಾಸನದ ಬಾನು ಮುಷ್ತಾಕ್ ಬರೆದ, ದೀಪಾ ಭಾಸ್ತಿ ಇಂಗ್ಲಿಷಿಗೆ ತಂದ ‘ಹಾರ್ಟ್ ಲ್ಯಾಂಪ್’ ಗೆದ್ದಿತ್ತು. 50,000 ಪೌಂಡ್ ಬಹುಮಾನ ಇಬ್ಬರಿಗೂ ಸಮನಾಗಿ ಹಂಚಿಕೆಯಾಯಿತು. ಕನ್ನಡದಿಂದ ಹೋದ ಪುಸ್ತಕಕ್ಕೆ ಈ ಪ್ರಶಸ್ತಿ ಬಂದದ್ದು ಅದೇ ಮೊದಲು. ಸಣ್ಣಕತೆಗಳ ಸಂಕಲನಕ್ಕೆ ಬಂದದ್ದೂ ಅದೇ ಮೊದಲು. ಪುಸ್ತಕದಲ್ಲಿರುವುದು 12 ಕತೆ. ಅವನ್ನು ಬರೆದದ್ದು 1990ರಿಂದ 2023ರವರೆಗೆ, ಅಂದರೆ ಮೂವತ್ತು ವರ್ಷಕ್ಕೂ ಜಾಸ್ತಿ ಕಾಲದಲ್ಲಿ.

ಇಂಥ ಸುದ್ದಿ ಬಂದಾಗ ಹಳೇ ಆಸೆಯೊಂದು ತಲೆ ಎತ್ತುತ್ತದೆ. ನಮ್ಮ ಮನೆಯಲ್ಲೂ ಇಂಥದ್ದೇ ನಡೆದಿದೆ, ನಾನೂ ಬರೀಬಹುದಲ್ವಾ ಅಂತ. ಬರೆಯಲು ಕೂತ ಮೇಲೆ ಕತೆ ಮೂರನೇ ಪುಟದಲ್ಲಿ ನಿಂತುಬಿಡುತ್ತದೆ. ಘಟನೆ ಗಟ್ಟಿ ಇದೆ, ಪಾತ್ರಗಳೂ ಗೊತ್ತಿರುವವರೇ. ಆದರೂ ಕತೆ ಮುಂದೆ ಹೋಗಲ್ಲ. ಭಾಷೆ ಬರಲ್ಲ, ಪ್ರತಿಭೆ ಇಲ್ಲ ಅಂತ ಬರೆಯುವವರು ತಮ್ಮನ್ನೇ ಬೈದುಕೊಳ್ಳುತ್ತಾರೆ. ಎಷ್ಟೋ ಸಲ ಕಾರಣ ಅಷ್ಟು ದೊಡ್ಡದಲ್ಲ. ಕತೆ ಹೇಳುತ್ತಿರುವವರು ಯಾರು ಅನ್ನೋದನ್ನೇ ತೀರ್ಮಾನ ಮಾಡಿರುವುದಿಲ್ಲ, ಅಷ್ಟೇ.

## ಬರೆಯುವವರು ಬೇರೆ, ಹೇಳುವವರು ಬೇರೆ

ಕತೆಯನ್ನು ಬರೆಯುವವರು ಲೇಖಕರು. ಕತೆಯೊಳಗೆ ನಿಂತು ಅದನ್ನು ನಮಗೆ ಹೇಳುವ ದನಿ ನಿರೂಪಕ. ಇಬ್ಬರೂ ಒಬ್ಬರೇ ಆಗಬೇಕಿಲ್ಲ. ಐವತ್ತು ವರ್ಷದ ಲೆಕ್ಚರರ್ ಬರೆದ ಕತೆಯನ್ನು ಒಂಬತ್ತು ವರ್ಷದ ಹುಡುಗ ಹೇಳಬಹುದು. ‘ನಾನು’ ಅಂತ ಬರೆದ ತಕ್ಷಣ ಅದು ಲೇಖಕರ ಆತ್ಮಕಥೆ ಆಗಿಬಿಡುವುದಿಲ್ಲ.

ನಿರೂಪಕನ ಜಾಗ ಬಸ್ಸಿನ ಸೀಟಿನ ಹಾಗೆ. ಡ್ರೈವರ್ ಪಕ್ಕ ಕೂತವರಿಗೆ ಮುಂದಿನ ತಿರುವು ಕಾಣುತ್ತದೆ, ಎಡಗಡೆ ಕಿಟಕಿಯವರಿಗೆ ಬರೀ ಪ್ರಪಾತ, ಹಿಂದಿನ ಸೀಟಿನವರಿಗೆ ಇಡೀ ಬಸ್ಸಿನ ತಲೆಗಳು. ರಸ್ತೆ ಎಲ್ಲರಿಗೂ ಒಂದೇ. ನೀವು ಕೂರುವ ಸೀಟು ನೋಡಿ ನಿಮಗೆ ಏನು ಕಾಣುತ್ತದೆ, ಏನು ಕಾಣುವುದಿಲ್ಲ ಅನ್ನೋದು ನಿರ್ಧಾರವಾಗುತ್ತದೆ. ಕತೆಯಲ್ಲಿ ಈ ‘ಕಾಣದಿರುವುದು’ ತುಂಬಾ ಕೆಲಸ ಮಾಡುತ್ತದೆ.

ಮಾತಿಗಿಂತ ಉದಾಹರಣೆ ವಾಸಿ. ಒಂದು ಘಟನೆ ತಗೊಳ್ಳೋಣ. ಅಪ್ಪನ ವರ್ಷದ ತಿಥಿ. ಗಂಡನ ಮನೆಯಿಂದ ತಂಗಿ ಬಂದಿದ್ದಾಳೆ, ಹೆಸರು ಸುಮಾ. ಅಡುಗೆ ಇನ್ನೂ ನಡೆಯುತ್ತಿರುವಾಗಲೇ ಅಣ್ಣ ಒಂದು ಕಾಗದ ಹಿಡಿದು ಬಂದು ಸಹಿ ಕೇಳುತ್ತಾನೆ. ತೋಟದಲ್ಲಿ ತನಗಿರುವ ಪಾಲನ್ನು ಬಿಟ್ಟುಕೊಟ್ಟಿದ್ದೇನೆ ಅಂತ ಅವಳು ಬರೆದುಕೊಡುವ ಪತ್ರ ಅದು.

## ಒಂದೇ ಸಹಿ, ಐದು ಬಾಯಿ

ಮೊದಲು ಸುಮಾಳೇ ಹೇಳಲಿ:

“ಕೈಗೆ ಇನ್ನೂ ವಡೆ ಹಿಟ್ಟು ಅಂಟಿತ್ತು. ಅಣ್ಣ ಬಾಗಿಲ ಹತ್ತಿರವೇ ನಿಂತ. ‘ತೊಳ್ಕೊಂಡು ಬಾ, ಒಂದು ಸೈನ್ ಬೇಕು’ ಅಂದ. ಯಾಕೆ ಅಂತ ನಾನು ಕೇಳಲಿಲ್ಲ.”

ಇದು ಉತ್ತಮ ಪುರುಷ ನಿರೂಪಣೆ, ಅಂದರೆ ‘ನಾನು’ ಹೇಳುವ ಕತೆ. ಓದುವವರು ನೇರ ಅವಳ ಪಕ್ಕ ಬಂದು ಕೂರುತ್ತಾರೆ. ತೊಂದರೆ ಏನೆಂದರೆ ಅಣ್ಣನ ಮನಸ್ಸಿನಲ್ಲಿ ಏನಿದೆ ಅನ್ನೋದನ್ನು ಅವಳು ಊಹಿಸಬಹುದೇ ಹೊರತು ಹೇಳುವಂತಿಲ್ಲ. ಈಗ ಅಣ್ಣನೇ ಹೇಳಿದರೆ?

“ಮೂರು ದಿನದಿಂದ ಮಾತು ಗಂಟಲಲ್ಲೇ ಇತ್ತು. ತಿಥಿ ಮುಗಿಯಲಿ ಅಂದುಕೊಂಡಿದ್ದೆ. ಮುಗಿದರೆ ಅವಳು ಸಂಜೆ ಬಸ್ಸಿಗೆ ಹೊರಡ್ತಾಳೆ. ಬ್ಯಾಂಕಿನವರು ಸೋಮವಾರದ ಮೇಲೆ ಒಂದು ದಿನವೂ ಕಾಯಲ್ಲ.”

ಮೊದಲ ತುಣುಕಿನಲ್ಲಿ ಖಳನಂತೆ ಕಂಡವನು ಇಲ್ಲಿ ಸಾಲಕ್ಕೆ ಸಿಕ್ಕಿಬಿದ್ದ ಮನುಷ್ಯ. ಘಟನೆ ಒಂದಿಷ್ಟೂ ಬದಲಾಗಿಲ್ಲ. ಯಾರ ಮೇಲೆ ಸಿಟ್ಟು ಬರಬೇಕು ಅನ್ನೋದು ಮಾತ್ರ ಬದಲಾಯಿತು.

ಮೂರನೆಯದು, ‘ಅವಳು’ ಅಂತ ಬರೆದರೂ ಒಬ್ಬರ ತಲೆಯೊಳಗೇ ಇರುವ ರೀತಿ:

“ಸುಮಾ ಕೈ ತೊಳೆಯುವಷ್ಟು ಹೊತ್ತೂ ಅಣ್ಣ ಬಾಗಿಲಲ್ಲೇ ಇದ್ದ. ಜೇಬಿನಿಂದ ಕಾಗದದ ಮೂಲೆ ಕಾಣುತ್ತಿತ್ತು. ಅಪ್ಪ ಇದ್ದಾಗ ಅವನು ಅಡುಗೆಮನೆ ಕಡೆ ತಲೆ ಹಾಕಿದ್ದು ಅವಳಿಗೆ ನೆನಪಿರಲಿಲ್ಲ.”

ಇಲ್ಲಿ ಲೇಖಕರ ಭಾಷೆ, ಸುಮಾಳ ಕಣ್ಣು. ಹೊಸದಾಗಿ ಬರೆಯುವವರಿಗೆ ಇದು ಹೆಚ್ಚು ಸಲೀಸು ಅಂತ ನನಗನ್ನಿಸುತ್ತದೆ. ಅವಳಿಗೆ ಗೊತ್ತಿರುವಷ್ಟನ್ನೇ ಹೇಳುವ ಶಿಸ್ತೂ ಇರುತ್ತದೆ, ಅವಳ ಮಾತಿನ ಧಾಟಿಯನ್ನು ಕತೆಯುದ್ದಕ್ಕೂ ಹೊರುವ ಭಾರವೂ ಇರುವುದಿಲ್ಲ.

ನಾಲ್ಕನೆಯದು ಸರ್ವಜ್ಞ ನಿರೂಪಣೆ. ಎಲ್ಲರ ಒಳಗೂ ಇಣುಕಬಲ್ಲ ದನಿ:

“ಆವತ್ತು ಆ ಮನೆಯಲ್ಲಿ ಹನ್ನೆರಡು ಎಲೆ ಹಾಕಿದ್ದರು. ಉಂಡವರಲ್ಲಿ ಇಬ್ಬರಿಗೆ ಮಾತ್ರ ಕಾಗದದ ಸುದ್ದಿ ಮೊದಲೇ ಗೊತ್ತಿತ್ತು. ಒಬ್ಬ ಮಗ. ಇನ್ನೊಬ್ಬ ಅದನ್ನು ಬರೆದುಕೊಟ್ಟ ಪತ್ರ ಬರಹಗಾರ, ಅವನಿಗೆ ಪಾಯಸ ಎರಡನೇ ಸಲ ಬೇಕಿತ್ತು.”

ಊರು, ಮನೆತನ, ಮೂರು ತಲೆಮಾರು ಹೀಗೆ ಹರಡಿಕೊಂಡ ಕತೆಗೆ ಈ ದನಿ ಹೊಂದುತ್ತದೆ. ಸಣ್ಣಕತೆಯಲ್ಲಿ ಮಾತ್ರ ಕೈತಪ್ಪುವುದು ಜಾಸ್ತಿ. ಒಂದೇ ಪ್ಯಾರಾದಲ್ಲಿ ಅಣ್ಣನ ಮನಸ್ಸು, ಸುಮಾಳ ಮನಸ್ಸು, ಅತ್ತಿಗೆಯ ಮನಸ್ಸು ಅಂತ ಹಾರುತ್ತಾ ಹೋದರೆ ಓದುವವರಿಗೆ ಯಾರ ಜೊತೆ ಇರಬೇಕು ಅಂತಲೇ ತಿಳಿಯುವುದಿಲ್ಲ. ಹಲವರ ಮನಸ್ಸು ಬೇಕೇ ಬೇಕು ಅಂದರೆ ಒಬ್ಬೊಬ್ಬರಿಗೆ ಒಂದೊಂದು ಭಾಗ ಕೊಡುವ ದಾರಿ ಇದೆ. ಎಸ್.ಎಲ್. ಭೈರಪ್ಪ 1979ರ ‘ಪರ್ವ’ದಲ್ಲಿ ಮಹಾಭಾರತವನ್ನು ಹೇಳಿದ್ದು ಹೀಗೆಯೇ, ಬೇರೆ ಬೇರೆ ಪಾತ್ರಗಳ ಒಳಗೆ ಒಂದಷ್ಟು ಹೊತ್ತು ನಿಂತು.

ಐದನೆಯದು ನನಗೆ ಹೆಚ್ಚು ಇಷ್ಟ. ಪಕ್ಕದಲ್ಲಿದ್ದು ನೋಡಿದವರ ಬಾಯಿ. ಅಣ್ಣನ ಒಂಬತ್ತು ವರ್ಷದ ಮಗ ಹೇಳುತ್ತಾನೆ:

“ಅಪ್ಪ ಅತ್ತೆಗೆ ಪೆನ್ನು ಕೊಟ್ಟ. ಅತ್ತೆ ಕಣ್ಣಲ್ಲಿ ನೀರು ಬರ್ತಿತ್ತು. ಈರುಳ್ಳಿ ಅಂತೂ ಅಲ್ಲ. ತಿಥಿ ಅಡುಗೇಲಿ ಈರುಳ್ಳಿ ಹಾಕಲ್ಲ ಅಂತ ಅಜ್ಜಿ ಬೆಳಿಗ್ಗೆನೇ ಹೇಳಿದ್ದಳು.”

ಹುಡುಗನಿಗೆ ಆಸ್ತಿ ಗೊತ್ತಿಲ್ಲ, ಪಾಲು ಗೊತ್ತಿಲ್ಲ. ಓದುವವರಿಗೆ ಗೊತ್ತು. ಹೇಳುವವನಿಗಿಂತ ಕೇಳುವವರಿಗೆ ಹೆಚ್ಚು ತಿಳಿದಿರುವ ಈ ಅಂತರವೇ ಕತೆಗೆ ಶಕ್ತಿ. “ಅವಳಿಗೆ ತುಂಬಾ ದುಃಖವಾಯಿತು” ಅಂತ ಒಂದು ಸಾಲೂ ಬರೆಯಬೇಕಾಗಿಲ್ಲ. ಪಕ್ಕದಲ್ಲಿ ನಿಲ್ಲುವ ನಿರೂಪಕ ಮಗುವೇ ಆಗಬೇಕೆಂದಿಲ್ಲ. ಪೂರ್ಣಚಂದ್ರ ತೇಜಸ್ವಿಯವರ ‘ಕರ್ವಾಲೊ’ದಲ್ಲಿ ‘ನಾನು’ ಅನ್ನುವವನು ಒಬ್ಬ ಕೃಷಿಕ. ಪುಸ್ತಕಕ್ಕೆ ಹೆಸರು ಕೊಟ್ಟ ವಿಜ್ಞಾನಿಯನ್ನು ನಾವು ಅವನ ಕಣ್ಣಿಂದಲೇ ನೋಡುತ್ತೇವೆ.

ಯಾವುದನ್ನು ಆರಿಸೋದು? ಇಂಥದ್ದೇ ಅಂತ ನಿಯಮ ಇಲ್ಲ. ಮೊದಲ ಅರ್ಧ ಪುಟವನ್ನು ಎರಡು ಮೂರು ಬಾಯಿಂದ ಬರೆದು ನೋಡೋದೇ ಸುಲಭದ ದಾರಿ. ಯಾವ ದನಿಯಲ್ಲಿ ಬರೆಯುವಾಗ ನಿಮಗೇ ಗೊತ್ತಿಲ್ಲದ ವಿವರಗಳು ತಾವಾಗಿ ಬರುತ್ತವೋ ಅದನ್ನು ಹಿಡಿದುಕೊಂಡು ಹೋಗಬಹುದು.

## ‘ಬಂದ’, ‘ಬಂದಳು’, ‘ಬಂದರು’: ಕನ್ನಡದ ಪೇಚು

ಕನ್ನಡದಲ್ಲಿ ಬರೆಯುವವರಿಗೆ ಇಂಗ್ಲಿಷಿನ ಪಾಠಪುಸ್ತಕಗಳು ಹೇಳಿಕೊಡದ ತಲೆನೋವೊಂದಿದೆ. ನಮ್ಮ ಕ್ರಿಯಾಪದದ ಕೊನೆಯಲ್ಲೇ ಗಂಡೋ ಹೆಣ್ಣೋ, ಮರ್ಯಾದೆ ಉಂಟೋ ಇಲ್ಲವೋ ಅನ್ನೋದೆಲ್ಲ ಸೇರಿಕೊಂಡಿರುತ್ತದೆ. ‘ನಾನು ಬಂದೆ’ ಅಂದರೆ ಹೇಳುವವರು ಗಂಡಸೋ ಹೆಂಗಸೋ ತಿಳಿಯಲ್ಲ. ಹಾಗಾಗಿ ‘ನಾನು’ ನಿರೂಪಕ ಯಾರು ಅನ್ನೋದನ್ನು ಇಡೀ ಕತೆ ಮುಚ್ಚಿಡಬಹುದು. ಆದರೆ ಬೇರೆಯವರು ಬಂದರು ಅಂತ ಹೇಳುವಾಗ ‘ಬಂದ’ ಅಥವಾ ‘ಬಂದಳು’ ಅನ್ನಲೇಬೇಕು. ಪತ್ತೇದಾರಿ ಕತೆಯಲ್ಲಿ ಕತ್ತಲಲ್ಲಿ ನಡೆದು ಹೋದವರು ಯಾರು ಅನ್ನೋದನ್ನು ಮುಚ್ಚಿಡಬೇಕಾದರೆ ‘ನೆರಳೊಂದು ಹಾದುಹೋಯಿತು’ ಅಂತಲೋ ‘ಯಾರೋ ಹೋದರು’ ಅಂತಲೋ ತಪ್ಪಿಸಿಕೊಳ್ಳಬೇಕಾಗುತ್ತದೆ.

ಮರ್ಯಾದೆಯ ವಿಷಯ ಇನ್ನೂ ಸೂಕ್ಷ್ಮ. ಸುಮಾಳ ಅಮ್ಮ ‘ಬಂದಳು’ ಅನ್ನೋದೋ, ‘ಬಂದರು’ ಅನ್ನೋದೋ? ಕೆಲವು ಮನೆಗಳಲ್ಲಿ ಅಮ್ಮನಿಗೆ ಏಕವಚನ, ಅಪ್ಪನಿಗೆ ಬಹುವಚನ. ಸುಮಾಳೇ ‘ನಾನು’ ಆಗಿದ್ದರೆ ಅವಳ ಮನೆಯ ರೂಢಿ ಹೇಗೋ ಹಾಗೆ. ಹೊರಗಿನ ನಿರೂಪಕನಾದರೆ ಸಾಮಾನ್ಯವಾಗಿ ಎಲ್ಲರಿಗೂ ಏಕವಚನ ನಡೆಯುತ್ತದೆ, ಕತೆಯಲ್ಲಿ ಅದು ಅಗೌರವ ಅಲ್ಲ. ತಪ್ಪಾಗುವುದು ಎಲ್ಲಿ ಅಂದರೆ, ಅದೇ ಹೊರಗಿನ ನಿರೂಪಕ ಮನೆಯೊಡತಿ ‘ಬಂದರು’ ಅಂದು ಮುಂದಿನ ಸಾಲಿನಲ್ಲಿ ಕೆಲಸದ ಹೆಂಗಸು ‘ಬಂದಳು’ ಅಂದಾಗ. ಬರೆದವರಿಗೆ ಅದು ಕಣ್ಣಿಗೇ ಬಿದ್ದಿರುವುದಿಲ್ಲ. ಓದುವವರಿಗೆ ಮಾತ್ರ ನಿರೂಪಕ ಯಾವ ಮೆಟ್ಟಿಲ ಮೇಲೆ ನಿಂತಿದ್ದಾನೆ ಅಂತ ಗೊತ್ತಾಗಿಹೋಗುತ್ತದೆ. ಬೇಕು ಅಂತಲೇ ಹಾಗೆ ಬರೆದರೆ ಅದು ಒಳ್ಳೇ ತಂತ್ರ. ಅರಿವಿಲ್ಲದೆ ಬರೆದರೆ ಕತೆಗೆ ಏಟು.

ಕಾಲದ ವಿಷಯ ಇಷ್ಟು ತೊಡಕಿನದಲ್ಲ. ‘ಬಂದ’ ಅಂತ ಶುರು ಮಾಡಿದರೆ ‘ಬಂದ’ ಅಂತಲೇ ಹೋಗಲಿ. ನಡುವೆ ‘ಬರುತ್ತಾನೆ’ ಆದರೆ ಅದಕ್ಕೊಂದು ಕಾರಣ ಇರಲಿ.

## ಪಾತ್ರ ಯಾವ ಊರ ಕನ್ನಡ ಆಡಬೇಕು?

ಅಣ್ಣ ‘ಸಹಿ ಮಾಡಿಕೊಡುವೆಯಾ?’ ಅಂತ ಕೇಳಿದರೆ ಕತೆ ಅಲ್ಲೇ ಸತ್ತ ಹಾಗೆ. ಮನೆಯಲ್ಲಿ ಯಾರೂ ಹಾಗೆ ಮಾತಾಡಲ್ಲ. ಮೈಸೂರಿನ ಕಡೆ ‘ಏನ್ ಮಾಡ್ತಿದೀಯ’ ಅನ್ನೋದು ಧಾರವಾಡದ ಕಡೆ ‘ಏನ್ ಮಾಡಾಕತ್ತಿ’ ಆಗುತ್ತದೆ, ಮಂಗಳೂರಲ್ಲಿ ‘ಎಂತ ಮಾಡ್ತಿದ್ದಿ’. ಕತೆ ಎಲ್ಲಿ ನಡೆಯುತ್ತದೆ ಅನ್ನೋದು ಮಾತಿನಲ್ಲೇ ತಿಳಿಯಬೇಕು.

ಆಡಿದ್ದನ್ನೆಲ್ಲ ಟೇಪಿನಿಂದ ಇಳಿಸಿದ ಹಾಗೆ ಬರೆದರೂ ಕಷ್ಟ. ಬೇರೆ ಊರಿನವರು ಒಂದೊಂದು ಸಾಲಿಗೂ ತಡವರಿಸುತ್ತಾರೆ. ಹೆಚ್ಚಿನ ಕತೆಗಾರರು ಹಿಡಿದಿರುವ ದಾರಿ ಸರಳ: ನಿರೂಪಣೆ ಎಲ್ಲರಿಗೂ ತಿಳಿಯುವ ಬರಹದ ಕನ್ನಡದಲ್ಲಿ, ಮಾತು ಮಾತ್ರ ಆಯಾ ಊರಿನದ್ದು. ಅದರಲ್ಲೂ ಊರಿನ ಗುರುತು ಹೇಳುವ ನಾಲ್ಕಾರು ಪದ, ಕ್ರಿಯಾಪದದ ಕೊನೆ, ಇಷ್ಟನ್ನು ಹಿಡಿದು ಅದನ್ನೇ ಕೊನೆವರೆಗೂ ಒಂದೇ ರೀತಿ ಬರೆಯುತ್ತಾರೆ. ಒಂದು ಕಡೆ ‘ಹೊಂಟೀನಿ’, ಇನ್ನೊಂದು ಕಡೆ ಅದೇ ಪಾತ್ರ ‘ಹೋಗ್ತಾ ಇದ್ದೀನಿ’ ಅಂದರೆ ಓದುವವರ ಕಿವಿಗೆ ಕಲ್ಲು ಸಿಕ್ಕಂತೆ.

ನಿರೂಪಣೆಯೂ ಊರ ಮಾತಲ್ಲೇ ಇರಬಾರದು ಅಂತೇನಿಲ್ಲ. ದೇವನೂರ ಮಹಾದೇವ ‘ಕುಸುಮಬಾಲೆ’ಯನ್ನು ನಂಜನಗೂಡು ಸೀಮೆಯ ಆಡುಮಾತಲ್ಲೇ ಬರೆದರು. 1990ರಲ್ಲಿ ಅದಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಆ ಮಾತು ಅವರಿಗೆ ನೋಡಿ ಕಲಿತದ್ದಲ್ಲ, ಹುಟ್ಟಿನಿಂದ ಬಂದದ್ದು. ನಮ್ಮದಲ್ಲದ ಮಾತನ್ನು ಸಿನಿಮಾ ನೋಡಿ ಬರೆದರೆ ಆ ಊರಿನವರಿಗೆ ಎರಡೇ ಸಾಲಲ್ಲಿ ಗೊತ್ತಾಗುತ್ತದೆ.

## ಸುಳ್ಳು ಕತೆಗೂ ನಿಜದ ಕಾಗದಪತ್ರ ಬೇಕು

ಮತ್ತೆ ನಮ್ಮ ಸಹಿಗೆ ಬರೋಣ. ಇಲ್ಲಿ ಒಂದು ತೊಡಕಿದೆ. ತೋಟದ ಪಾಲು ಬಿಟ್ಟುಕೊಡಲು ಅಡುಗೆಮನೆಯಲ್ಲಿ ಹಾಕಿದ ಸಹಿ ಸಾಲದು. ಹಕ್ಕು ಬಿಡುಗಡೆ ಪತ್ರ ನೋಂದಣಿಯಾಗಬೇಕು, ಅದಕ್ಕೆ ಸಬ್ ರಿಜಿಸ್ಟ್ರಾರ್ ಆಫೀಸಿಗೆ ಹೋಗಬೇಕು. ಇದು ಗೊತ್ತಿರುವ ಓದುಗರು “ಸಹಿ ಹಾಕಿದಳು, ತೋಟ ಹೋಯಿತು” ಅಂತ ಓದಿದರೆ ಪುಸ್ತಕ ಮುಚ್ಚಿಟ್ಟು ನಗುತ್ತಾರೆ.

ಇದರಿಂದ ಕತೆ ಕೆಡಲಿಲ್ಲ, ಬೆಳೆಯಿತು. ಮನೆಯಲ್ಲಿ ಅಣ್ಣ ಕೇಳುವುದು ಬರೀ ಒಪ್ಪಿಗೆಯ ಸಹಿ. ನಿಜವಾದದ್ದು ನಾಳೆ ಹತ್ತೂವರೆಗೆ, ಆಫೀಸಿನಲ್ಲಿ. ಅಂದರೆ ಸುಮಾ ಸಂಜೆ ಬಸ್ಸಿಗೆ ಹೋಗುವಂತಿಲ್ಲ, ಆ ರಾತ್ರಿ ತವರಿನಲ್ಲೇ ಕಳೆಯಬೇಕು. ಕತೆಗೆ ಒಂದು ಇಡೀ ರಾತ್ರಿ ಸಿಕ್ಕಿತು. ಹಾಗಾದಾಗ ಅಣ್ಣನ ಬಾಯಿಗೆ ಹಾಕಿದ್ದ ಸಂಜೆ ಬಸ್ಸಿನ ಸಾಲನ್ನೂ ತಿದ್ದಬೇಕಾಗುತ್ತದೆ. ಒಂದು ವಿವರ ಅಲುಗಾಡಿದರೆ ಹತ್ತು ಸಾಲು ಅಲುಗಾಡುತ್ತವೆ.

ಕತೆ ಯಾವ ವರ್ಷ ನಡೆಯುತ್ತದೆ ಅನ್ನೋದೂ ಮುಖ್ಯ. ಪಿತ್ರಾರ್ಜಿತ ಆಸ್ತಿಯಲ್ಲಿ ಹೆಣ್ಣುಮಕ್ಕಳ ಪಾಲಿನ ಬಗ್ಗೆ ಕರ್ನಾಟಕ 1994ರಲ್ಲಿ ಕಾನೂನು ತಿದ್ದಿತು. ಆಗಲೇ ಮದುವೆಯಾಗಿದ್ದ ಹೆಣ್ಣುಮಕ್ಕಳು ಅದರಿಂದ ಹೊರಗುಳಿದರು. 2005ರಲ್ಲಿ ಕೇಂದ್ರದ ಹಿಂದೂ ಉತ್ತರಾಧಿಕಾರ ಕಾಯ್ದೆಗೇ ತಿದ್ದುಪಡಿ ಬಂದು ಆ ಭೇದ ಹೋಯಿತು. 1985ರ ಸುಮಾಳ ಸಹಿಗೂ 2015ರ ಸುಮಾಳ ಸಹಿಗೂ ಒಂದೇ ತೂಕ ಇಲ್ಲ. ಇದನ್ನೆಲ್ಲ ಕತೆಯಲ್ಲಿ ಬರೆಯಬೇಕೆಂದಿಲ್ಲ, ಬರೆದರೆ ಬೋರ್ ಹೊಡೆಯುತ್ತದೆ. ಬರೆಯುವವರಿಗೆ ಗೊತ್ತಿರಬೇಕು, ಅಷ್ಟೇ. ಗೊತ್ತಿದ್ದರೆ ಅಣ್ಣ ಎಷ್ಟು ಗೋಗರೆಯಬೇಕು, ಎಷ್ಟು ಗದರಬಹುದು ಅನ್ನೋದು ತಾನಾಗಿ ಸರಿಹೋಗುತ್ತದೆ.

## ನಡುವೆ ನಿಂತುಬಿಟ್ಟಾಗ

ಶುರು ಚೆನ್ನಾಗಿದೆ, ಕೊನೆಯೂ ಗೊತ್ತಿದೆ. ನಡುವಿನಲ್ಲಿ ಏನು ಮಾಡೋದು? ಈ ಪ್ರಶ್ನೆ ಬಂದಾಗ ಕೇಳಿಕೊಳ್ಳಬೇಕಾದದ್ದು: ಸುಮಾಗೆ ಏನು ಬೇಕು?

ತೋಟ ಬೇಕು ಅನ್ನೋದಷ್ಟೇ ಉತ್ತರವಾದರೆ ಅದು ಜಗಳ, ಕೋರ್ಟು, ವಕೀಲರು. ಏನೂ ಬೇಡ ಅಂದರೆ ಸಹಿ ಹಾಕಿ ಹೊರಡುತ್ತಾಳೆ, ಕತೆಯೇ ಇಲ್ಲ. ಅವಳಿಗೆ ಎರಡು ಬೇಕು. ಪಾಲೂ ಬೇಕು, ತವರೂ ಬೇಕು. ಪಾಲು ಕೇಳಿದರೆ ಮುಂದಿನ ಗೌರಿ ಹಬ್ಬಕ್ಕೆ ಬಾಗಿನ ಕೊಡಲು ಯಾರೂ ಬರಲ್ಲ ಅನ್ನೋ ಭಯ. ಕೇಳದಿದ್ದರೆ ಮಗಳ ಕಾಲೇಜಿನ ಫೀಸು ಹೇಗೆ ಅನ್ನೋ ಚಿಂತೆ. ಎರಡೂ ನ್ಯಾಯವಾದ ಆಸೆಗಳೇ, ಒಂದನ್ನು ಹಿಡಿದರೆ ಇನ್ನೊಂದು ಕೈಬಿಡುತ್ತದೆ. ಕತೆಯ ನಡುಭಾಗ ಈ ಎಳೆದಾಟದಲ್ಲೇ ಇರುವುದು. ಆ ರಾತ್ರಿ ಅತ್ತಿಗೆ ಹಾಸಿಗೆ ಹಾಸಿಕೊಡುವಾಗ ಆಡುವ ಒಂದು ಮಾತು, ಅಮ್ಮ ಏನೂ ಆಡದೆ ಗೋಡೆ ಕಡೆ ತಿರುಗಿ ಮಲಗುವುದು, ಇವೆಲ್ಲ ಆಗ ಅರ್ಥ ಪಡೆಯುತ್ತವೆ.

ಇಲ್ಲಿ ಬೇಕಾಗುವ ಇನ್ನೊಂದು ತಿಳಿವಳಿಕೆ, ಎಲ್ಲಿ ನಿಲ್ಲಬೇಕು, ಎಲ್ಲಿ ಓಡಬೇಕು ಅನ್ನೋದು. ಪಾತ್ರಗಳು ಕಣ್ಣೆದುರು ಮಾತಾಡುತ್ತಾ ಓಡಾಡುತ್ತಾ ಇರುವುದು ದೃಶ್ಯ. ‘ಮದುವೆಯಾಗಿ ಹದಿನೈದು ವರ್ಷ ಆಗಿತ್ತು’ ಅನ್ನೋದು ಸಾರಾಂಶ. ಸಹಿ ಕೇಳುವ ಐದು ನಿಮಿಷಕ್ಕೆ ಎರಡು ಪುಟ ಕೊಡಬೇಕು, ಹದಿನೈದು ವರ್ಷಕ್ಕೆ ಎರಡು ಸಾಲು ಸಾಕು. ಹೊಸಬರ ಕತೆಗಳಲ್ಲಿ ಇದು ಉಲ್ಟಾ ಆಗಿರುತ್ತದೆ. ಹುಟ್ಟು, ಶಾಲೆ, ಮದುವೆ ಅಂತ ನಾಲ್ಕು ಪುಟ ಹೋಗಿ, ಮುಖ್ಯ ಗಳಿಗೆ ಬಂದಾಗ “ಕೊನೆಗೆ ಅವಳು ಸಹಿ ಹಾಕಿದಳು” ಅಂತ ಮುಗಿದುಬಿಡುತ್ತದೆ.

## ಮನೆಯವರು ಗುರುತು ಹಿಡಿದರೆ?

ಇದು ಎಲ್ಲ ಕತೆಗಾರರಿಗೂ ಬರುವ ಹೆದರಿಕೆ. ‘ಇದು ನಮ್ಮ ದೊಡ್ಡಪ್ಪನ ವಿಷಯ ಅಲ್ವಾ?’ ಅಂತ ಯಾರಾದರೂ ಫೋನ್ ಮಾಡಿದರೆ?

ಹೆಸರು ಬದಲಾಯಿಸಿದರೆ ಸಾಕು ಅನ್ನೋದು ಭ್ರಮೆ. ಜನ ಗುರುತು ಹಿಡಿಯುವುದು ಕುಂಟುವ ಕಾಲಿನಿಂದ, ನಶ್ಯದ ಡಬ್ಬಿಯಿಂದ, ಪದೇ ಪದೇ ಆಡುವ ಒಂದು ಮಾತಿನಿಂದ. ನಿಜದ ಘಟನೆಯಿಂದ ಎತ್ತಿಕೊಳ್ಳಬೇಕಾದದ್ದು ಅದರ ಒಳಗಿನ ಇಕ್ಕಟ್ಟು. ಊರು, ಕಸುಬು, ವಯಸ್ಸು, ಮನೆಯಲ್ಲಿ ಎಷ್ಟು ಮಕ್ಕಳು ಅನ್ನೋದೆಲ್ಲ ಹೊಸದಾಗಿ ಕಟ್ಟಬಹುದು. ಹಾಗೆ ಕಟ್ಟಿದಾಗ ಇನ್ನೊಂದು ಲಾಭ ಇದೆ. ‘ನಿಜವಾಗಿ ಹೀಗೇ ನಡೆದಿತ್ತು’ ಅನ್ನೋ ಹಟ ಬಿಟ್ಟುಹೋಗುತ್ತದೆ. ನಡೆದದ್ದೆಲ್ಲ ಕತೆಯಲ್ಲಿ ನಂಬುವ ಹಾಗೆ ಇರಲ್ಲ. ನಿಜ ಬದುಕಿನಲ್ಲಿ ಅಣ್ಣ ಕಾರಣವೇ ಇಲ್ಲದೆ ಮನಸ್ಸು ಬದಲಾಯಿಸಬಹುದು. ಕತೆಯಲ್ಲಿ ಓದುವವರು ಕಾರಣ ಕೇಳುತ್ತಾರೆ.

## ತಿದ್ದೋದು, ಕಳಿಸೋದು

ಮೊದಲ ಕರಡು ಮುಗಿದ ದಿನವೇ ಯಾರಿಗೂ ಕಳಿಸದಿರುವುದು ಒಳ್ಳೆಯದು. ಕೆಲವು ವಾರ ಪಕ್ಕಕ್ಕಿಟ್ಟು, ಆಮೇಲೆ ಜೋರಾಗಿ ಓದಿ ನೋಡಿ. ಕಣ್ಣು ಬಿಟ್ಟುಬಿಡುವ ತಪ್ಪನ್ನು ನಾಲಿಗೆ ಹಿಡಿಯುತ್ತದೆ. ಮಾತು ಕೃತಕವಾಗಿದ್ದರೆ ಆಡುವಾಗಲೇ ತಡೆಯುತ್ತದೆ. ನಿರೂಪಕ ತನಗೆ ಗೊತ್ತಿರಲಾರದ್ದನ್ನು ಎಲ್ಲಿ ಹೇಳಿಬಿಟ್ಟಿದ್ದಾನೆ ಅನ್ನೋದೂ ಈಗ ಕಾಣುತ್ತದೆ. ಒಂಬತ್ತು ವರ್ಷದ ಹುಡುಗ ‘ಪಿತ್ರಾರ್ಜಿತ’ ಅಂದಿದ್ದರೆ ಹೊಡೆದುಹಾಕಿ.

ಬೇರೆಯವರಿಂದ ಓದಿಸುವಾಗ ‘ಹೇಗಿದೆ?’ ಅಂತ ಕೇಳಿದರೆ ‘ಚೆನ್ನಾಗಿದೆ’ ಅಂತಲೇ ಉತ್ತರ ಬರುತ್ತದೆ. ‘ಎಲ್ಲಿ ಬೇಜಾರಾಯ್ತು? ಎಲ್ಲಿ ಅರ್ಥ ಆಗಲಿಲ್ಲ?’ ಅಂತ ಕೇಳಿದರೆ ಉಪಯೋಗಕ್ಕೆ ಬರುವ ಉತ್ತರ ಸಿಗುತ್ತದೆ. ಅವರು ತೋರಿಸುವ ಜಾಗ ಸಾಮಾನ್ಯವಾಗಿ ಸರಿ ಇರುತ್ತದೆ. ಅವರು ಹೇಳುವ ಪರಿಹಾರ ಸರಿ ಇರಲೇಬೇಕೆಂದಿಲ್ಲ.

ಪತ್ರಿಕೆಗೋ ಕಥಾಸ್ಪರ್ಧೆಗೋ ಕಳಿಸುವ ಮುಂಚೆ ಪದಮಿತಿ ನೋಡಿಕೊಳ್ಳಿ. ಫಾಂಟಿನ ರಗಳೆಯೂ ಇದೆ. ‘ನುಡಿ’ ಅಥವಾ ‘ಬರಹ’ ಅನ್ನುವ ಕನ್ನಡ ಟೈಪಿಂಗ್ ಸಾಫ್ಟ್‌ವೇರ್‌ಗಳ ಹಳೇ ಫಾಂಟಿನಲ್ಲಿ ಟೈಪ್ ಮಾಡಿದ್ದು ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಚಿತ್ರವಿಚಿತ್ರ ಅಕ್ಷರಗಳಾಗಿ ಕಾಣುತ್ತದೆ. ಯೂನಿಕೋಡ್‌ನಲ್ಲಿ ಟೈಪ್ ಮಾಡಿದ್ದಕ್ಕೆ ಈ ತಾಪತ್ರಯ ಇಲ್ಲ. ಮೊಬೈಲಿನ ಕೀಬೋರ್ಡ್‌ನಲ್ಲಿ ಬರುವುದೂ ಯೂನಿಕೋಡೇ. ಅವರು ಯಾವುದನ್ನು ಕೇಳಿದ್ದಾರೋ ಅದರಲ್ಲೇ ಕಳಿಸಿ, ಜೊತೆಗೆ ಒಂದು ಪಿಡಿಎಫ್ ಸೇರಿಸಿ. ಒಂದೇ ಕತೆಯನ್ನು ಒಟ್ಟಿಗೆ ಎರಡು ಕಡೆ ಕಳಿಸಬೇಡಿ. ಎರಡೂ ಕಡೆ ಒಪ್ಪಿಬಿಟ್ಟರೆ ಒಬ್ಬ ಸಂಪಾದಕರಿಗೆ ಫೋನ್ ಮಾಡಿ ಕ್ಷಮೆ ಕೇಳಬೇಕಾಗುತ್ತದೆ. ಉತ್ತರ ಬರುವುದಕ್ಕೆ ತಿಂಗಳುಗಳೇ ಹಿಡಿಯಬಹುದು. ಅಷ್ಟರಲ್ಲಿ ಅದೇ ರಾತ್ರಿಯನ್ನು ಅತ್ತಿಗೆಯ ಬಾಯಿಂದಲೂ ಒಮ್ಮೆ ಬರೆದು ನೋಡಬಹುದು. ಈ ಕತೆಯಲ್ಲಿ ಇಲ್ಲಿವರೆಗೆ ಯಾರೂ ಅವಳನ್ನು ಏನೂ ಕೇಳಿಲ್ಲ.